ಕಾರ್ಲ್‌ಟನ್ ಕಿಟ್ಟೋ ಹೆಸರಿನಲ್ಲಿ ರಸ್ತೆ ಬೇಡ, ಅವರ ಕ್ಯಾಸೆಟ್ ಉಳಿಸಿ

ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ,

ಮಾನ್ಯರೇ,

ಜಾಝ್ ಗಿಟಾರ್ ವಾದಕ ಕಾರ್ಲ್‌ಟನ್ ಕಿಟ್ಟೋ 1942ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ, 2016ರಲ್ಲಿ ತೀರಿಕೊಂಡಿದ್ದು ಕೋಲ್ಕತ್ತದಲ್ಲಿ. ಅಮೆರಿಕದ ಜಾಝ್ ಗಿಟಾರ್ ವಾದಕ ಚಾರ್ಲಿ ಕ್ರಿಶ್ಚಿಯನ್ ಅವರಂಥವರ ಗ್ರಾಮಫೋನ್ ಪ್ಲೇಟುಗಳನ್ನು ಕೇಳಿ ಕೇಳಿ ಕೈ ಪಳಗಿಸಿಕೊಂಡವರು. ಕೋಲ್ಕತ್ತದ ಕ್ಲಬ್ಬುಗಳ ಬೀದಿಯಾದ ಪಾರ್ಕ್ ಸ್ಟ್ರೀಟಿನ ಒಳ್ಳೆಯ ದಿನಗಳಲ್ಲಿ ಪಿಯಾನೊ ವಾದಕ ಲೂಯಿಸ್ ಬ್ಯಾಂಕ್ಸ್, ಗಾಯಕಿ ಪ್ಯಾಮ್ ಕ್ರೇನ್ ಜೊತೆ ನುಡಿಸಿದರು. ಮನರಂಜನಾ ತೆರಿಗೆ, ಕರೆಂಟು ಕಡಿತ, ಆಂಗ್ಲೋ ಇಂಡಿಯನ್ನರ ವಲಸೆ ಸೇರಿ ಆ ಬ್ಯಾಂಡುಗಳು ಚದುರಿದವು. ಬ್ಯಾಂಕ್ಸ್ ಮುಂಬೈ ಸೇರಿದರೆ, ಕಿಟ್ಟೋ ಕೋಲ್ಕತ್ತ ಬಿಡಲಿಲ್ಲ, ಬೀಬಾಪ್ ಎಂಬ ವೇಗದ ಜಾಝ್ ಶೈಲಿಯನ್ನೂ ಬಿಡಲಿಲ್ಲ. ಹೋಟೆಲಿನಲ್ಲಿ ನುಡಿಸಿದರು, ಕ್ಯಾಲ್ಕಟ್ಟಾ ಸ್ಕೂಲ್ ಆಫ್ ಮ್ಯೂಸಿಕ್‌ನಲ್ಲಿ ಕಲಿಸಿದರು.

ಒಂಟಿ ಸ್ವರಗಳ ಓಟ, ಗಾಯಕಿಯ ಹಿಂದೆ ಸ್ವರಗುಚ್ಛಗಳ, ಅಂದರೆ ಕಾರ್ಡ್‌ಗಳ ಆಸರೆ, ಮೇಲಿನ ತಂತಿಯಲ್ಲಿ ಹಾಡಿನ ಸ್ವರ ಇಟ್ಟು ಅದರಡಿ ಮೂರು ಸ್ವರ ಪೋಣಿಸುವ ಏಕಾಂಗಿ ವಾದನ: ಬೀಬಾಪ್ ಗಿಟಾರಿಗೆ ಈ ಮೂರೂ ಬೇಕು. ಬರೆದಿಟ್ಟ ಸ್ವರಲಿಪಿಯಿಂದ ಇದರ ತೂಕ ತಿಳಿಯುವುದಿಲ್ಲ, ಧ್ವನಿಯೇ ಬೇಕು.

ಅದಕ್ಕೇ ಕೇಳುತ್ತಿದ್ದೇವೆ: ಅವರ ಹೆಸರನ್ನು ರಸ್ತೆಗಿಡುವ ಬದಲು ಶಿಷ್ಯರು, ರಸಿಕರ ಮನೆಗಳಲ್ಲಿ ಉಳಿದಿರಬಹುದಾದ ಕ್ಯಾಸೆಟ್‌ಗಳನ್ನು ಪಶ್ಚಿಮ ಬಂಗಾಳದವರ ಜೊತೆ ಸೇರಿ ಇಲಾಖೆ ಸಂಗ್ರಹಿಸಲಿ. ಆದರೆ ಟೆಂಡರ್ ಕರೆದು ಕಡಿಮೆ ದರದವರಿಗೆ ಒಪ್ಪಿಸಿದರೆ ಕೆಲಸ ಕೆಡುತ್ತದೆ. ಹೇಗೆಂದರೆ:

ಹಳೇ ಕ್ಯಾಸೆಟ್ಟಿನಲ್ಲಿ ಟೇಪನ್ನು ಪ್ಲೇಯರಿನ ಹೆಡ್ಡಿಗೆ (ಟೇಪಿನಿಂದ ಧ್ವನಿ ಓದುವ ಭಾಗ) ಒತ್ತುವ ಪುಟ್ಟ ಪ್ಯಾಡಿನ ಅಂಟು ಒಣಗಿ ಪ್ಯಾಡು ಎಷ್ಟೋ ಸಲ ಉದುರಿರುತ್ತದೆ. ಹಾಗೇ ಓಡಿಸಿದರೆ ಟೇಪು ಹೆಡ್ಡಿಗೆ ತಾಗದೆ ಧ್ವನಿ ಮಂಕಾಗುತ್ತದೆ. ಐದು ಸ್ಕ್ರೂ ಬಿಚ್ಚಿ, ಟೇಪನ್ನು ಹೊಸ ಕವಚಕ್ಕೆ ಸೇರಿಸಬೇಕು. ಪ್ರತಿ ಕ್ಯಾಸೆಟ್ಟಿಗೂ ಹೆಡ್ಡಿನ ಓರೆಯನ್ನು ಪುಟ್ಟ ಸ್ಕ್ರೂಡ್ರೈವರಿನಿಂದ ತಿದ್ದಬೇಕು. ಮೂಲದಲ್ಲಿ ಡಾಲ್ಬಿ (ಟೇಪಿನ ಹಿಸ್, ಅಂದರೆ ಸುಂಯ್ ಸದ್ದು ತಗ್ಗಿಸುವ ವ್ಯವಸ್ಥೆ) ಇಲ್ಲದಿದ್ದರೆ ಅದರ ಗುಂಡಿ ಒತ್ತಲೇಬಾರದು. ಡಿಜಿಟಲ್ ಪ್ರತಿಗೆ ಸೂಕ್ಷ್ಮ ಅಳತೆಯಾದ ಸ್ಟೀರಿಯೊ 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಗಂಟೆಗೆ ಸುಮಾರು 2 ಜಿಬಿ ಆಗುತ್ತದೆ. ಇಂದಿನ ಡಿಸ್ಕ್ ಬೆಲೆಯಲ್ಲಿ ಅದೇನೂ ದುಬಾರಿಯಲ್ಲ.

ದೊಡ್ಡ ಅಪಾಯ 'ಸ್ವಚ್ಛ' ಮಾಡುವ ಹುಮ್ಮಸ್ಸಿನದು. ಟೇಪಿನಲ್ಲಿ ಸೇರಿಕೊಂಡ ವಿದ್ಯುತ್ತಿನ ಗುಂಯ್‌ಗುಟ್ಟುವಿಕೆ 50 ಹರ್ಟ್ಸ್ (ಸೆಕೆಂಡಿಗೆ 50 ಕಂಪನ), ಅದರ ದುಪ್ಪಟ್ಟು 100. ಗಿಟಾರಿನ ಆರನೇ ತಂತಿಯ ಮೂರನೇ ಮನೆಯ (ಫ್ರೆಟ್) ಸ್ವರ 98. ಗುಂಯ್ ಕತ್ತರಿಸಲು ಹೋದವರು ಆ ಸ್ವರವನ್ನೂ ಕತ್ತರಿಸುತ್ತಾರೆ. ಡ್ರಮ್ಮಿನ ಮೇಲೆ ಬ್ರಷ್ ಉಜ್ಜುವ ಸದ್ದನ್ನು ಸಾಫ್ಟ್‌ವೇರ್ ಟೇಪಿನ ಹಿಸ್ ಎಂದೇ ತಿಳಿಯುತ್ತದೆ. ಅಳಿಸಿದರೆ ಲಯವೇ ಹೋಯಿತು. ಆ ಗುಂಯ್‌ಯನ್ನೇ ಅಳತೆಗೋಲಾಗಿಸಿ ಟೇಪಿನ ವೇಗ ಸರಿಪಡಿಸಬಹುದಲ್ಲ ಎನ್ನುವವರಿದ್ದಾರೆ. ಲೋಡ್ ಶೆಡ್ಡಿಂಗಿನ ಕಾಲದ ಕರೆಂಟು 50ರಲ್ಲೇ ನಿಂತಿರುತ್ತಿತ್ತೆಂದು ನಂಬಿದರೆ ಮೋಸ ಹೋಗುತ್ತೀರಿ. ಹಾಡಿನ ಸ್ಥಾಯಿ ಬಲ್ಲ ವಾದಕರೊಬ್ಬರು ಪಕ್ಕದಲ್ಲಿ ಕೂರಲೇಬೇಕು.

ಆದ್ದರಿಂದ ತಿದ್ದದ ಪ್ರತಿಯನ್ನು ಮೊದಲು ಎರಡು ಊರಲ್ಲಿ ಭದ್ರಪಡಿಸಿ, ಕೇಳುವ ಪ್ರತಿ ಆಮೇಲೆ ತಯಾರಾಗಲಿ. ಮೂಲ ಕ್ಯಾಸೆಟ್ ಅದರ ಮನೆಯವರಿಗೆ ವಾಪಸಾಗಲಿ.

ಇಂತಿ ತಮ್ಮ ವಿಶ್ವಾಸಿಗಳು,
ಬೆಂಗಳೂರಿನ ಕೆಲವು ಗಿಟಾರ್ ವಾದಕರು ಮತ್ತು ಧ್ವನಿ ತಂತ್ರಜ್ಞರು