ಚಳಿಯ ಮೇಲೆ ಗೂಬೆ ಕೂರಿಸಬೇಡಿ

ಮಾನ್ಯರೇ,

ನಮ್ಮ ಬೀದಿಯಲ್ಲಿ ಈಗ ಬೆಳಿಗ್ಗೆ ಕೋಳಿ ಕೂಗುವುದಿಲ್ಲ, ಪಕ್ಕದ ಮನೆಯ ಕಾರು ಕೂಗುತ್ತದೆ. ಆರು ಗಂಟೆಗೆ ಶುರು. ಕರ್... ಕರ್... ಕರ್... ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ, ಮತ್ತೆ ಕರ್... ಕರ್... ನನ್ನ ಹಾಲು ಉಕ್ಕುವುದರೊಳಗೆ ಅದು ಸ್ಟಾರ್ಟ್ ಆದರೆ ಪುಣ್ಯ. ಕೇಳಿದರೆ ಆ ಮನೆಯ ಹುಡುಗ, "ಚಳಿ ಅಲ್ವಾ ಟೀಚರ್, ಹಂಗೇ" ಅನ್ನುತ್ತಾನೆ.

ಇದೇ ಮಾತು ಹೇಳಿ ನನ್ನ ಕೈಯಿಂದ 4,500 ರೂಪಾಯಿ ಬಿಚ್ಚಿಸಿದವರಿದ್ದಾರೆ. ಅದಕ್ಕೇ ಈ ಪತ್ರ.

ನನಗೀಗ 63. ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದೆ. ಕಾರು ಕಲಿತದ್ದು ನಿವೃತ್ತಿ ಆದ ಮೇಲೆ. ಹೋದ ಮಾರ್ಚ್‌ನಲ್ಲಿ ದಾವಣಗೆರೆಗೆ ಹೋಗಿ, ಹಳೇ ಕಾರು ಮಾರುವವರೊಬ್ಬರ ಹತ್ತಿರ ಒಂದು ಪೆಟ್ರೋಲ್ ಕಾರು ತಗೊಂಡೆ. ಮಧ್ಯಾಹ್ನ ಎರಡು ಗಂಟೆ. ಅವರು ಕೀ ತಿರುಗಿಸಿದರು, ಟಕ್ಕಂತ ಸ್ಟಾರ್ಟ್ ಆಯಿತು. ಬಾನೆಟ್ ಮುಟ್ಟಿದರೆ ಸುಡುತ್ತಿತ್ತು. ಬಿಸಿಲು ಅಂದುಕೊಂಡೆ. ನಾವು ಬರುವ ಅರ್ಧ ಗಂಟೆ ಮೊದಲೇ ಕಾರು ಓಡಿಸಿ ತಂದು ನಿಲ್ಲಿಸಿರಬಹುದು ಅಂತ ನನಗೆ ಹೊಳೆಯಲೇ ಇಲ್ಲ. ಬೆಣ್ಣೆದೋಸೆ ತಿಂದು, ಖುಷಿಯಾಗಿ ಹೈವೇ ಹಿಡಿದು ದುರ್ಗಕ್ಕೆ ಬಂದೆವು.

ಮರುದಿನ ಬೆಳಿಗ್ಗೆ ಸೆಲ್ಫ್ ಹೊಡೆದರೆ ಸ್ಟಾರ್ಟ್ ಆಗಲು ಒಂಬತ್ತು ಸೆಕೆಂಡ್!

ಲೆಕ್ಕದ ಟೀಚರ್ ಅಲ್ವಾ, ಪೆಟ್ರೋಲ್ ಹಾಕಿಸಿದ್ದು, ಓಡಿದ ಕಿಲೋಮೀಟರ್ ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವ ಚಟ ನನಗೆ. ಅದರ ಪಕ್ಕದಲ್ಲೇ ಸ್ಟಾರ್ಟ್ ಆಗಲು ಹಿಡಿದ ಸೆಕೆಂಡುಗಳನ್ನೂ ಬರೆಯುತ್ತಾ ಹೋದೆ. ಬೆಳಿಗ್ಗೆ 9, ಮಧ್ಯಾಹ್ನ 1. ಬೆಳಿಗ್ಗೆ 8, ತರಕಾರಿ ತಗೊಂಡು ವಾಪಸ್ ಬರುವಾಗ 1. ಹಳೇ ಕಾರು, ಹೀಗೇ ಇರುತ್ತೇನೋ ಅಂತ ಸುಮ್ಮನಿದ್ದೆ. ಡಿಸೆಂಬರ್‌ನಲ್ಲಿ ಒಂದು ಗ್ಯಾರೇಜಿಗೆ ಒಯ್ದೆ. "ಚಳಿಗೆ ಬ್ಯಾಟರಿ ಹೋಗಿದೆ ಮೇಡಂ" ಅಂದರು. ಹೊಸ ಬ್ಯಾಟರಿ ಹಾಕಿಸಿದೆ. ಮರುದಿನ ಬೆಳಿಗ್ಗೆ ಮತ್ತೆ ಒಂಬತ್ತು. ಆಮೇಲೆ ನೋಟ್‌ಬುಕ್ ತಿರುವಿ ಹಾಕಿದಾಗ ನನಗೇ ನಾಚಿಕೆ ಆಯಿತು. ಏಪ್ರಿಲ್ ತಿಂಗಳಲ್ಲೂ ಎಂಟು, ಒಂಬತ್ತು ಅಂತಲೇ ಬರೆದಿದ್ದೇನೆ. ಏಪ್ರಿಲ್‌ನಲ್ಲಿ ದುರ್ಗದಲ್ಲಿ ಎಲ್ಲಿಯ ಚಳಿ?

ಕೊನೆಗೆ ಪರಿಚಯದವರು ವಯಸ್ಸಾದ ಒಬ್ಬ ಮೆಕ್ಯಾನಿಕ್ ಹತ್ತಿರ ಕಳಿಸಿದರು. ಆತ ಬಾನೆಟ್ ಎತ್ತುವ ಮೊದಲು ಒಂದೇ ಮಾತು ಹೇಳಿದ್ದು: "ಕಾರು ರಾತ್ರಿ ಇಲ್ಲೇ ಬಿಟ್ಟು ಹೋಗಿ ಟೀಚರಮ್ಮ. ಬೆಳಿಗ್ಗೆ ನೀವು ಬರೋ ತನಕ ನಾನು ಕೀ ಮುಟ್ಟಲ್ಲ."

ಬೆಳಿಗ್ಗೆ ನನ್ನ ಕೈಯಲ್ಲೇ ಸೆಲ್ಫ್ ಹೊಡೆಸಿದರು. ಕಣ್ಣು ಮುಚ್ಚಿ ಕೇಳಿ, "ಸೆಲ್ಫ್ ಜೋರಾಗೇ ತಿರುಗ್ತೈತೆ. ಪಾಪ, ಬ್ಯಾಟರಿದೇನೂ ತಪ್ಪಿಲ್ಲ" ಅಂದರು. ನಾನು ಗ್ಯಾರೇಜಿನಲ್ಲೇ ಬಿಟ್ಟು ಬಂದಿದ್ದ ಹಳೇ ಬ್ಯಾಟರಿ ನೆನಪಾಗಿ ಹೊಟ್ಟೆ ಉರಿಯಿತು. ಅವರ ಪ್ರಕಾರ, ಕಾರು ನಿಂತಿದ್ದಾಗ ಬ್ಯಾಟರಿ 12.6 ವೋಲ್ಟ್ ಆಸುಪಾಸು ಇರಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಅದಿಷ್ಟು ಸರಿ ಇದ್ದು, ಪೆಟ್ರೋಲ್ ಮತ್ತು ಕಿಡಿ ಸರಿಯಾಗಿ ಸಿಕ್ಕರೆ, ರಾತ್ರಿಯೆಲ್ಲ ನಿಂತ ಕಾರೂ ಒಂದೆರಡು ಸೆಕೆಂಡಿನಲ್ಲಿ ಸ್ಟಾರ್ಟ್ ಆಗಬೇಕು. ಎಂದೋ ಒಂದು ದಿನ ಮೂರಾದರೆ ಇರಲಿ. ದಿನಾ ಐದು ದಾಟಿದರೆ ಎಲ್ಲೋ ಏನೋ ಕೆಟ್ಟಿದೆ. ಸೊನ್ನೆ ಡಿಗ್ರಿಗಿಂತ ಕೆಳಗಿನ ಊರುಗಳಲ್ಲಿ ಆಯಿಲ್ ಗಟ್ಟಿಯಾಗುತ್ತದೆ, ಬ್ಯಾಟರಿ ಶಕ್ತಿ ಕುಂದುತ್ತದೆ, ಅಲ್ಲಿ ಮಾತು ಬೇರೆ. ನಮ್ಮೂರ ಜೋಗಿಮಟ್ಟಿ ಬೆಟ್ಟದ ಗಾಳಿಗೆ ನಾವು ಸ್ವೆಟರ್ ಹಾಕ್ಕೊಂಡರೆ ಎಂಜಿನ್ನಿಗೂ ಚಳಿಯಾಗುತ್ತೆ ಅಂತಲ್ಲ.

ಮರುದಿನವೂ ಬೆಳಿಗ್ಗೆಯೇ ಬರಲು ಹೇಳಿದರು. ಈ ಸಲ ಕೀ ಆನ್ ಮಾಡಿಸಿದರು, ಸೆಲ್ಫ್ ಹೊಡೆಯಲು ಬಿಡಲಿಲ್ಲ. ಹಿಂದಿನ ಸೀಟಿನ ಕಡೆಯಿಂದ "ಗುಂಯ್" ಅಂತ ಎರಡು ಸೆಕೆಂಡ್ ಸದ್ದು ಬಂದು ನಿಂತಿತು. ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪ್ ಅದು. ಆಫ್ ಮಾಡಿಸಿದರು. ಮತ್ತೆ ಆನ್, ಗುಂಯ್, ಆಫ್. ಹೀಗೆ ಮೂರು ಸಲ ಮಾಡಿಸಿ, "ಈಗ ಹೊಡೀರಿ" ಅಂದರು. ಒಂದೇ ಸೆಕೆಂಡ್!

ಪಂಪಿನಲ್ಲಿ ಒಂದು ಪುಟ್ಟ ವಾಲ್ವ್ ಇರುತ್ತದಂತೆ. ಎಂಜಿನ್ ಆಫ್ ಆದ ಮೇಲೂ ಪೈಪಿನಲ್ಲಿ ಪ್ರೆಶರ್ ಹಿಡಿದಿಡುವುದು ಅದರ ಕೆಲಸ. ನನ್ನ ಕಾರಿನಲ್ಲಿ ಅದು ಸೋತು, ರಾತ್ರಿ ಪೆಟ್ರೋಲ್ ಟ್ಯಾಂಕಿಗೇ ಇಳಿದುಹೋಗುತ್ತಿತ್ತು. ಬೆಳಿಗ್ಗೆ ಆ ಪ್ರೆಶರ್ ಮತ್ತೆ ಏರುವ ತನಕ ಸೆಲ್ಫ್ ಸುಮ್ನೆ ತಿರುಗುತ್ತಿತ್ತು. ಕೀ ಮೂರು ಸಲ ಆನ್ ಮಾಡಿಸಿದ್ದು ಆ ಪ್ರೆಶರ್ ಮೊದಲೇ ಏರಿಸಲಿಕ್ಕೆ. ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಸೋರಿದರೂ ಹೀಗೇ ಆಗುವುದುಂಟಂತೆ. ಹಾಗಿದ್ದರೆ ಕಿಡಿ ಹಾರಿಸುವ ಪ್ಲಗ್ ಒದ್ದೆಯಾಗಿರಬೇಕು ಅಂತ ಬಿಚ್ಚಿ ನೋಡಿದರು, ಒಣಗಿತ್ತು. ಪೈಪಿಗೆ ಪ್ರೆಶರ್ ಅಳೆಯುವ ಗೇಜ್ ಹಾಕಿ ಎಂಜಿನ್ ಆಫ್ ಮಾಡಿ ಟೀ ತರಿಸಿದರು. ಟೀ ಮುಗಿಯುವಷ್ಟರಲ್ಲಿ ಮುಳ್ಳು ಅರ್ಧಕ್ಕೆ ಇಳಿದಿತ್ತು. ಪಂಪ್ ಬದಲಾಯಿಸಿದ ಖರ್ಚು ಬ್ಯಾಟರಿಗಿಂತ ಜಾಸ್ತಿಯೇ ಆಯಿತು, ಆದರೆ ಆ ದುಡ್ಡು ನನಗೆ ಉರಿಯಲಿಲ್ಲ.

ಕಾರು ಆಗಷ್ಟೇ ಓಡಿಸಿ ನಿಲ್ಲಿಸಿದ್ದಾಗ ಈ ರೋಗ ಸಾಮಾನ್ಯವಾಗಿ ಕಾಣುವುದಿಲ್ಲ. ಅದಕ್ಕೇ ದಾವಣಗೆರೆಯಲ್ಲಿ ಟಕ್ಕಂತ ಹಿಡಿದದ್ದು. ಹಳೇ ಕಾರು ಮಾರುವವರಲ್ಲಿ ನನ್ನ ಬೇಡಿಕೆ ಇಷ್ಟೇ: ಗಿರಾಕಿ ಬರುವ ದಿನ ದಯವಿಟ್ಟು ಮೊದಲೇ ಎಂಜಿನ್ ಕಾಯಿಸಿ ಇಡಬೇಡಿ. ಕೊಳ್ಳುವವರು ಬೆಳಿಗ್ಗೆಯೇ ಹೋಗಿ, ಬಿಸಿಲು ಏರುವ ಮೊದಲು ಬಾನೆಟ್ ಮೇಲೆ ಕೈಯಿಟ್ಟು ನೋಡಿ. ಡೀಸೆಲ್ ಆದರೆ ಕೀ ಆನ್ ಮಾಡಿದಾಗ ಹೊತ್ತುವ ಕಾಯಿಲ್ (ಸುರುಳಿ ಗುರುತಿನ) ದೀಪ ಆರಿದ ಮೇಲೆ ಸೆಲ್ಫ್ ಹೊಡೆಯಿರಿ. ಹತ್ತು ಸೆಕೆಂಡಿಗಿಂತ ಜಾಸ್ತಿ ಒಂದೇ ಸಮ ತಿರುಗಿಸಬೇಡಿ, ಸೆಲ್ಫ್ ಮೋಟಾರ್ ಬಿಸಿಯಾಗಿ ಕೆಡಬಹುದು. ಇನ್ನು ಸ್ಟಾರ್ಟ್ ಮಾಡುವಾಗ ಆಕ್ಸಲರೇಟರ್ ಒತ್ತಿ ಒತ್ತಿ ಬಿಡುವುದು ಚೋಕ್ ಎಳೆಯುತ್ತಿದ್ದ ಕಾರ್ಬುರೇಟರ್ ಕಾಲದ ಅಭ್ಯಾಸ. ಈಗಿನ ಹಲವು ಕಾರುಗಳಲ್ಲಿ ಅದನ್ನು ಪೂರ್ತಿ ಒತ್ತಿ ಸೆಲ್ಫ್ ಹೊಡೆದರೆ ಪೆಟ್ರೋಲ್ ಬರುವುದೇ ನಿಂತುಹೋಗುತ್ತದೆ. ನಮ್ಮ ಮನೆಯವರಿಗೆ ಇದನ್ನು ಎಷ್ಟು ಹೇಳಿದರೂ ಕಾಲು ಕೇಳುವುದಿಲ್ಲ.

ಪಕ್ಕದ ಮನೆಯ ಹುಡುಗನಿಗೂ ಕೀ ಮೂರು ಸಲ ಆನ್ ಮಾಡುವ ಉಪಾಯ ಹೇಳಿದೆ. ಅವನಿಗೆ ಉಪಯೋಗವಾಗಲಿಲ್ಲ. ಅವನದು ಬೇರೆ ರೋಗ, ಸೆಲ್ಫೇ ಏದುಸಿರು ಬಿಡುತ್ತದೆ. ನಿನ್ನೆ ಬಾನೆಟ್ ಎತ್ತಿಸಿ ನೋಡಿದರೆ ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಹೂಕೋಸಿನ ಹಾಗೆ ಬೆಳೆದಿತ್ತು. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ, ಟರ್ಮಿನಲ್ ಬಿಚ್ಚಿ ತೊಳೆಯಪ್ಪ ಅಂದೆ. ಭಾನುವಾರ ಮಾಡ್ತೀನಿ ಅಂದಿದ್ದಾನೆ. ಇವತ್ತು ಗುರುವಾರ. ಇನ್ನೂ ಮೂರು ಬೆಳಗು ಕೇಳಬೇಕು.

– ಒಬ್ಬ ನಿವೃತ್ತ ಗಣಿತ ಶಿಕ್ಷಕಿ, ಚಿತ್ರದುರ್ಗ