‘ಒಣಹವೆ’ ಎಂದ ರಾತ್ರಿಯೇ ನಮ್ಮ ಗದ್ದೆ ತೊಯ್ಯುತ್ತದೆ

ಮಾನ್ಯ ಸಂಪಾದಕರೇ,

ಕಾರ್ತಿಕ ಕಳೆದು ಮಾಗಿ ಚಳಿ ಶುರುವಾಯಿತೆಂದರೆ ನಿಮ್ಮ ಪತ್ರಿಕೆಯ ಹವಾಮಾನದ ಚೌಕದಲ್ಲಿ ದಿನವೂ ಒಂದೇ ಸಾಲು: ‘ದಕ್ಷಿಣ ಒಳನಾಡಿನಲ್ಲಿ ಒಣಹವೆ’. ಬೇಲೂರಿನ ಆಚೆ ಯಗಚಿ ಹೊಳೆಯ ಪಕ್ಕ ನಮಗೆ ಮೂರು ಎಕರೆ ಇದೆ. ಮದುವೆಯಾಗಿ ಬಂದ ಮೇಲೆ ಇಲ್ಲಿ ಮೂವತ್ತೆರಡು ಮಾಗಿ ಕಂಡಿದ್ದೇನೆ. ಒಣಹವೆ ಎಂದು ಅಚ್ಚಾದ ಬೆಳಿಗ್ಗೆಯೇ ಬೀನ್ಸ್ ಸಾಲಿನಲ್ಲಿ ಹತ್ತು ಹೆಜ್ಜೆ ನಡೆದರೆ ಸೀರೆ ಮೊಣಕಾಲಿನವರೆಗೆ ತೊಯ್ದು ಕಾಲಿಗೆ ಅಂಟಿಕೊಳ್ಳುತ್ತದೆ. ಮಳೆ ಇಲ್ಲ ಎಂಬ ಅರ್ಥದಲ್ಲಿ ಆ ಸಾಲು ಸರಿಯೇ. ಆದರೆ ಮಾಗಿಯಲ್ಲಿ ಹೊಳೆಬದಿಯ ರೈತರಿಗೆ ಬೇಕಾದದ್ದು ಇಬ್ಬನಿಯ ಸುದ್ದಿ, ಮಂಜಿನ ಸುದ್ದಿ, ತಗ್ಗಿನ ಗದ್ದೆಯಲ್ಲಿ ಇವತ್ತು ರಾತ್ರಿ ಎಷ್ಟು ಚಳಿ ಎಂಬ ಸುದ್ದಿ.

ಕಳೆದ ಸಂಕ್ರಾಂತಿಗೆ ಮೂರು ದಿನ ಮುಂಚೆ ಆದದ್ದು ಹೇಳುತ್ತೇನೆ. ಮಧ್ಯಾಹ್ನ ಮೋಡ ಚದುರಿತು, ಸಂಜೆ ಗಾಳಿ ನಿಂತಿತು. ಜಿಲ್ಲೆಯ ಕನಿಷ್ಠ ಉಷ್ಣಾಂಶ 13 ಡಿಗ್ರಿ ಎಂದು ಮಗನ ಮೊಬೈಲ್ ಹೇಳುತ್ತಿತ್ತು. ಬೆಳಗಿನ ಜಾವ ಹಾಲು ಕರೆಯಲು ಎದ್ದಾಗ ಬೆರಳು ಮಡಚಲು ಆಗಲಿಲ್ಲ. ಜಗಲಿಯ ಥರ್ಮಾಮೀಟರ್ 10 ತೋರಿಸಿತು. ಅದನ್ನೇ ಹಿಡಿದುಕೊಂಡು ಹೊಳೆಯ ಪಕ್ಕದ ಗದ್ದೆಗೆ ಹೋಗಿ ಬೀನ್ಸ್ ಗಿಡಗಳ ನಡುವೆ ಇಟ್ಟು ಕಾದೆ. 6ಕ್ಕೆ ಇಳಿಯಿತು. ಮೂರನೇ ದಿನ ಆ ಗದ್ದೆಯ ಹೂವೆಲ್ಲ ಕಂದಿ ಉದುರಿತ್ತು. ನಾಲ್ಕಾಳು ಎತ್ತರದ ಮೇಲಿನ ಹೊಲದಲ್ಲಿ ಅದೇ ದಿನ ಹಾಕಿದ ಅದೇ ಬೀಜದ ಗಿಡ ಏನೂ ಆಗದೆ ನಿಂತಿತ್ತು.

ಇದರ ಕಾರಣ ಗುಟ್ಟೇನಲ್ಲ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ನೆಲದ ಬಿಸಿಯೆಲ್ಲ ಆಕಾಶಕ್ಕೆ ಹೋಗುತ್ತದೆ. ನೆಲಕ್ಕೆ ತಾಗಿದ ಗಾಳಿ ತಣ್ಣಗಾಗಿ, ಭಾರವಾಗಿ, ನೀರಿನ ಹಾಗೆ ಇಳಿಜಾರು ಹಿಡಿದು ಬಂದು ತಗ್ಗಿನಲ್ಲಿ ಮಡುಗಟ್ಟುತ್ತದೆ. ಹವಾಮಾನದವರ ಮಾಪಕ ಇರುವುದು ನೆಲದಿಂದ ಸುಮಾರು ನಾಲ್ಕಡಿ ಮೇಲೆ. ಅಂಥ ರಾತ್ರಿ ಹುಲ್ಲಿನ ಮಟ್ಟದಲ್ಲಿ ಅದಕ್ಕಿಂತ ಮೂರು ನಾಲ್ಕು ಡಿಗ್ರಿ ಕಡಿಮೆ ಇರುವುದು ಸಾಮಾನ್ಯ. ಊಟಿಯಲ್ಲಿ ಡಿಸೆಂಬರ್, ಜನವರಿಯಲ್ಲಿ ಹುಲ್ಲಿನ ಮೇಲೆ ಬೆಳ್ಳಗೆ ಹಿಮ ಕಟ್ಟುವುದೂ ಹೀಗೆಯೇ. ನಮ್ಮಲ್ಲಿ ಹಾಗೆ ಬೆಳ್ಳಗಾದದ್ದನ್ನು ನಾನು ಕಂಡಿಲ್ಲ. ಆದರೆ ಬೀನ್ಸ್, ಟೊಮೆಟೊ, ಸೌತೆ ಕೆಡಲು ಹಿಮವೇ ಕಟ್ಟಬೇಕಾಗಿಲ್ಲ, 10 ಡಿಗ್ರಿಗಿಂತ ಕೆಳಗೆ ಕೆಲವು ರಾತ್ರಿ ಕಳೆದರೆ ಸಾಕು. (ಅವರೆಯ ಮಾತು ಬೇರೆ. ಅದಕ್ಕೆ ಸೊಗಡು ಹತ್ತುವುದೇ ಇಬ್ಬನಿ ಬಿದ್ದ ಮೇಲೆ.)

ನಮ್ಮ ಅತ್ತೆಯವರಿಗೆ ಥರ್ಮಾಮೀಟರ್ ಬೇಕಿರಲಿಲ್ಲ. ಸಂಜೆ ಒಲೆಯ ಹೊಗೆ ಮೇಲೇಳದೆ ಊರ ಮೇಲೆ ಚಪ್ಪರ ಹಾಕಿದಂತೆ ಹಬ್ಬಿ ನಿಂತರೆ, ‘ಇವತ್ತು ಕೆಳಗಿನ ಗದ್ದೆಗೆ ನೀರು ಕಟ್ರೋ’ ಎನ್ನುತ್ತಿದ್ದರು. ಒದ್ದೆ ನೆಲ ಹಗಲಿನ ಬಿಸಿಯನ್ನು ಹೆಚ್ಚು ಹಿಡಿದಿಟ್ಟುಕೊಳ್ಳುತ್ತದೆ, ಅವರ ಲೆಕ್ಕ ಸರಿಯಾಗಿಯೇ ಇತ್ತು. ಈಗ ಊರಿನಲ್ಲಿ ಎಲ್ಲರ ಮನೆಯಲ್ಲೂ ಗ್ಯಾಸ್. ಆ ಹೊಗೆಯೂ ಇಲ್ಲ, ಅತ್ತೆಯವರೂ ಇಲ್ಲ. ನೀರು ಕಟ್ಟೋಣವೆಂದರೆ ತ್ರೀ ಫೇಸ್ ಕರೆಂಟಿನ ಪಾಳಿ ನೋಡಬೇಕು, ಅದಕ್ಕೆ ಬೇರೆಯೇ ಪತ್ರ ಬರೆಯಬೇಕಾಗುತ್ತದೆ.

ಚಳಿಗಿಂತ ಮಂಜಿನ ಸುದ್ದಿ ಇನ್ನೂ ಮುಖ್ಯ. ಎಲೆ ಕೊಳೆಸುವ ಅಂಗಮಾರಿ ರೋಗ ಎಂದರೆ ಏನೆಂದು ಹಾಸನದ ಆಲೂಗಡ್ಡೆ ಬೆಳೆಗಾರರಿಗೆ ವಿವರಿಸಬೇಕಾಗಿಲ್ಲ. ಮಳೆಗಾಲದ ಬೆಳೆಗೆ ಅದು ಬರುತ್ತದೆಂದು ಎಲ್ಲರೂ ಎಚ್ಚರವಾಗಿರುತ್ತೇವೆ, ಬೋರ್‌ವೆಲ್ ನೀರಿನಲ್ಲಿ ಮಾಗಿಗೆ ಹಾಕಿದ ಬೆಳೆಯಲ್ಲಿ ಮೈಮರೆಯುತ್ತೇವೆ. ಹತ್ತು ಗಂಟೆಯವರೆಗೂ ಬಿಸಿಲು ಕಾಣದಂತೆ ಮೂರು ಬೆಳಿಗ್ಗೆ ಮಂಜು ಕವಿದರೆ ಎಲೆಯ ಮೇಲಿನ ತೇವ ಆರುವುದೇ ಇಲ್ಲ. ನಾಲ್ಕನೇ ದಿನ ಎಲೆ ಮಗುಚಿ ನೋಡಿದರೆ ಕಪ್ಪು ಮಚ್ಚೆಯ ಸುತ್ತ ಬಿಳಿ ಬೂಸ್ಟು. ಮ್ಯಾಂಕೋಜೆಬ್ ಲೀಟರಿಗೆ 2 ಗ್ರಾಂ ಹಾಕಿ ಸಿಂಪಡಿಸುವುದು ರೋಗ ಬರುವ ಮುಂಚೆ ತಡೆಯಲು. ಮಚ್ಚೆ ಕಂಡ ಮೇಲೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಇಬ್ಬನಿ ಕೂತ ಎಲೆಯ ಮೇಲೆ ಹೊಡೆದರೆ ಔಷಧಿ ಹರಿದು ಮಣ್ಣಿಗೆ ಹೋಗುತ್ತದೆ. ನಾಳೆಯಿಂದ ಮಂಜು ಹಿಡಿಯುತ್ತದೆ ಎಂದು ಇವತ್ತು ಗೊತ್ತಾದರೆ ಮಧ್ಯಾಹ್ನದ ಬಿಸಿಲಿನಲ್ಲೇ ಹೊಡೆದು ಮುಗಿಸಬಹುದು. ಆ ಒಂದು ದಿನ ಸಿಕ್ಕರೆ ಬೆಳೆ ಉಳಿಯುತ್ತದೆ.

ನನ್ನ ತವರು ಆಲ್ದೂರಿನ ಕಡೆ. ಅಣ್ಣನವರ ತೋಟದಲ್ಲಿ ಈಗ ಅರೇಬಿಕಾ ಕೊಯ್ಲು. ಸಂಜೆ ಐದಕ್ಕೆಲ್ಲ ಕಣದಲ್ಲಿ ಹಣ್ಣು ಗುಡ್ಡೆ ಮಾಡಿ ಟಾರ್ಪಾಲು ಹೊದಿಸುತ್ತಾರೆ, ಇಲ್ಲದಿದ್ದರೆ ಇಬ್ಬನಿ ಕುಡಿದು ಬೂಸ್ಟು ಹಿಡಿಯುತ್ತದೆ. ಬ್ರೆಜಿಲಿನ ಚಳಿಯ ವಿಚಾರ ಅವರಿಗೆ ಬಾಯಿಪಾಠ. 1975ರ ಜುಲೈನಲ್ಲಿ ಪರಾನಾದ ಕಾಫಿ ಗಿಡಗಳು ಹಿಮಕ್ಕೆ ಕರಕಲಾಗಿ ಪ್ರಪಂಚದಲ್ಲೆಲ್ಲ ರೇಟು ಏರಿದ್ದು, 2021ರ ಜುಲೈನಲ್ಲಿ ಮತ್ತೆ ಹಿಮ ಬಿದ್ದದ್ದು, ಎಲ್ಲವನ್ನೂ ಹೇಳುತ್ತಾರೆ. ಅಷ್ಟು ದೂರದ ಹಿಮದ ಸುದ್ದಿ ಚಿಕ್ಕಮಗಳೂರಿಗೆ ಆ ವಾರವೇ ತಲುಪುತ್ತದೆ. ಯಗಚಿ ಬಯಲಿನ ಇವತ್ತಿನ ರಾತ್ರಿಯ ಸುದ್ದಿ ನನ್ನ ಮನೆಗೆ ತಲುಪುವುದಿಲ್ಲವೆಂದರೆ ಬೇಸರವಾಗುತ್ತದೆ.

ಅಂಕಿ ಇಲ್ಲವೆಂದು ಹೇಳುವಂತಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಹೋಬಳಿ ಮಟ್ಟದಲ್ಲಿ ಹವಾಮಾನ ಮಾಪಕಗಳನ್ನು ಇಟ್ಟಿದ್ದಾರೆ. ಮಳೆಯ ಜೊತೆಗೆ ಉಷ್ಣಾಂಶ, ತೇವಾಂಶ, ಗಾಳಿಯೂ ಅಲ್ಲಿ ದಾಖಲಾಗುತ್ತದೆ. ಹವಾಮಾನ ಇಲಾಖೆಯ ‘ಮೇಘದೂತ್’ ಆ್ಯಪಿನಲ್ಲಿ ಮಂಗಳವಾರ, ಶುಕ್ರವಾರ ಕೃಷಿ ಸಲಹೆ ಬರುತ್ತದೆ, ಉಪಯೋಗವೂ ಆಗಿದೆ. ಆದರೆ ತಗ್ಗಿಗೂ ದಿಬ್ಬಕ್ಕೂ ಒಂದೇ ಅಂಕಿ. ನಮ್ಮೂರಲ್ಲಿ ಮೊಬೈಲ್ ನೋಡದವರೂ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ನಿಮ್ಮ ಪತ್ರಿಕೆ ಓದುತ್ತಾರೆ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ನವೆಂಬರಿನಿಂದ ಶಿವರಾತ್ರಿಯವರೆಗೆ ಹಾಸನ, ಚಿಕ್ಕಮಗಳೂರು ಪುಟದಲ್ಲಿ ದಿನಕ್ಕೆ ನಾಲ್ಕು ಸಾಲು ಜಾಗ ಕೊಡಿ. ನಿನ್ನೆ ಹೋಬಳಿಗಳಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ, ಇವತ್ತು ರಾತ್ರಿ ಮೋಡವಿದೆಯೇ, ಗಾಳಿ ಇದೆಯೇ, ಮಂಜು ಎಷ್ಟು ದಿನ ಹಿಡಿಯಬಹುದು. ಪತ್ರಿಕೆ ನಮ್ಮೂರಿಗೆ ಏಳೂವರೆ ಬಸ್ಸಿಗೆ ಬರುತ್ತದೆ, ಓದಿಕೊಂಡು ಔಷಧಿ ಹೊಡೆಯಲು, ನೀರು ಕಟ್ಟಲು ಪೂರ್ತಿ ಹಗಲು ಇರುತ್ತದೆ. ತಗ್ಗಿನ ಗದ್ದೆಯ ಅಂಕಿ ಬೇಕಿದ್ದರೆ ಬೆಳಿಗ್ಗೆ ಆರಕ್ಕೆ ನೋಡಿ ನಾನೇ ಕಳಿಸುತ್ತೇನೆ. ಹೋದ ಜನವರಿಯಿಂದ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆದಿಟ್ಟಿದ್ದೇನೆ.

– ಒಬ್ಬ ರೈತ ಮಹಿಳೆ, ಬೇಲೂರು ತಾಲ್ಲೂಕು, ಹಾಸನ ಜಿಲ್ಲೆ