ಕತ್ತಿ ಕೆಂಪಾಗಿತ್ತು

ಮೊನ್ನೆ ಕೊನೆಯ ಹಂಡೆ ಅಡಿಕೆ ಬೇಯಿಸಿ ಅಟ್ಟಕ್ಕೆ ಹಾಕಿದೆವು. ಅಪ್ಪನಿಗೆ ಕೈಲಾಗದೆ ತೋಟ ನನ್ನ ಪಾಲಿಗೆ ಬಂದ ಮೇಲೆ ಇದು ಎರಡನೇ ಕೊಯ್ಲು. ಮೊದಲನೆಯದರ ಕತೆ ಶಿರಸಿ ಕಡೆಯ ನನ್ನ ಪರಿಚಯದವರಿಗೆಲ್ಲ ಗೊತ್ತು, ಆದರೆ ಅರ್ಧ ಮಾತ್ರ. ಇನ್ನರ್ಧ ಹೇಳದೆ ಥ್ಯಾಂಕ್ಸ್ ಹೇಳುವ ಹಾಗಿಲ್ಲ.

ಹೋದ ವರ್ಷ ಮಳೆಗೆ ಮುಂಚೆ, ಅಡಿಕೆಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಔಷಧಿ ನಾನೇ ಕಲೆಸಿದೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮರ ಹತ್ತಿ ಔಷಧಿ ಹೊಡೆಯುವ ನಮ್ಮ ಕೊನೆಗೌಡರು "ಕತ್ತಿ ಅದ್ದಿ ನೋಡಿದ್ರಾ?" ಅಂದರು. ನಾನು ನಕ್ಕೆ. ತಕ್ಕಡಿ ಇರುವಾಗ ಕತ್ತಿ ಯಾಕೆ?

ಕೆಲವೇ ದಿನದಲ್ಲಿ ಎಳೆಗಾಯಿ ಸುಟ್ಟ ಹಾಗಾಗಿ ಉದುರತೊಡಗಿತು. ಚಹಾದಂಗಡಿಯಲ್ಲಿ ಹತ್ತು ಜನರೆದುರು, ಗೌಡರು ಬೇಕಾಬಿಟ್ಟಿ ಹೊಡೆದಿದ್ದಾರೆ ಎಂದುಬಿಟ್ಟೆ. ಎರಡನೇ ಸಲ ಹೊಡೆಯಲು ಅವರು ಬರಲಿಲ್ಲ. ಬೇರೆಯವರು ಸಿಗಲಿಲ್ಲ. ಉಳಿದದ್ದನ್ನು ಕೊಳೆ ತಿಂದಿತು.

ಆಮೇಲೊಮ್ಮೆ ಕೊಟ್ಟಿಗೆಯಲ್ಲಿ ಅದೇ ಸುಣ್ಣದ ಚೀಲ ಕಂಡಿತು. ಬಾಯಿ ಬಿಚ್ಚಿಕೊಂಡು ಎಷ್ಟೋ ದಿನದಿಂದ ಗಾಳಿ ಕುಡಿದಿತ್ತು. ತೂಕ ಇತ್ತು, ಸತ್ವ ಇರಲಿಲ್ಲ. ಅಂಥ ಸುಣ್ಣ ಮೈಲುತುತ್ತದ ಖಾರ ಮುರಿಯುವುದಿಲ್ಲ. ಒಂದು ಬಕೆಟ್ ಕಲೆಸಿ ಕತ್ತಿ ಅದ್ದಿದೆ. ಕೆಂಪಾಗಿ ಮೇಲೆ ಬಂತು. ತಾಮ್ರ ಕೂತಿತ್ತು. ಖಾರ ಮುರಿದಿಲ್ಲ ಎಂಬುದಕ್ಕೆ ಅದೇ ಗುರುತು.

ಎಂಟು ದಿನ ಯಾರಿಗೂ ಹೇಳಲಿಲ್ಲ. ಹೆಂಡತಿಗೂ.

ಕೊನೆಗೆ ಗೌಡರ ಮನೆಗೆ ಹೋದೆ. ಕವಳದ ಹರಿವಾಣ ಮುಂದಿಟ್ಟರು. "ಔಷಧೀಲಿ ಏನೋ ಹೆಚ್ಚುಕಡಿಮೆ ಆಯ್ತು" ಎಂದು ಶುರುಮಾಡಿದೆ. "ಆಯ್ತೋ, ಮಾಡಿದ್ರೋ?" ಎಂದರು. ಮಾಡಿದೆ ಅಂದೆ. "ಹಾಗಾದ್ರೆ ಅಂಗಡೀಲೂ ಹೇಳಿ."

ಹೇಳಿದೆ. ಹೇಳಿ ಮುಗಿಯುವಷ್ಟರಲ್ಲಿ ಚಹಾ ಆರಿತ್ತು. ಯಾರಾದರೂ ನಗುತ್ತಾರೆ ಅಂದುಕೊಂಡಿದ್ದೆ. ಮೂಲೆಯಲ್ಲಿದ್ದ ಹಿರಿಯರೊಬ್ಬರು, ಊರಿಗೇ ತೋಟದ ಪಾಠ ಹೇಳುವವರು, ತಾನೂ ಒಮ್ಮೆ ಹೀಗೇ ಸುಟ್ಟುಕೊಂಡಿದ್ದೆ ಎಂದರು. ಅಲ್ಲಿಂದ ಒಬ್ಬೊಬ್ಬರೇ ಬಾಯಿ ಬಿಟ್ಟರು. ಒಬ್ಬರು ಸುಣ್ಣದ ನೀರಿಗೆ ತುತ್ತದ ನೀರು ಹುಯ್ಯಬೇಕು, ತಿರುಗಾಮುರುಗಾ ಅಲ್ಲ ಎಂದರು. ಇಷ್ಟು ದಿನ ಯಾಕೆ ಹೇಳಲಿಲ್ಲ ಅಂದರೆ, "ನೀನು ಕೇಳಿದ್ದೆಯಾ?" ಅಂತ. ಅದೂ ನಿಜ ಅಲ್ವಾ.

ಈ ವರ್ಷ ಎರಡೂ ಸಲ ಗೌಡರೇ ಹೊಡೆದರು. ಸುಲಿಯಲು ರಾತ್ರಿ ಮೆಟ್ಟುಗತ್ತಿ ಹಿಡಿದು ಬಂದ ಅಕ್ಕಂದಿರಿಗೆ, ಎಂಟು ದಿನದ ಮೌನವನ್ನು ಕೆದಕದೆ ಬಿಟ್ಟ ಹೆಂಡತಿಗೆ, ಆ ಅಂಗಡಿಯ ಹತ್ತು ಜನರಿಗೆ ಥ್ಯಾಂಕ್ಸ್. ಎಲ್ಲರಿಗಿಂತ ಜಾಸ್ತಿ ಗೌಡರಿಗೆ. ಅವರ ಬಳಿ ಸ್ಮಾರ್ಟ್‌ಫೋನ್ ಇಲ್ಲ, ಇದನ್ನು ಮಗಳು ಓದಿ ಹೇಳುತ್ತಾಳಂತೆ. ಗೌಡ್ರೇ, ಕತ್ತಿ ತೊಳೆದು ಮೊಳೆಗೆ ಹಾಕಿಟ್ಟಿದ್ದೇನೆ. ಹೊಸ ಸುಣ್ಣ ಮಾತ್ರ ನೀವೇ ಆರಿಸಿ ತನ್ನಿ.